ಎಂದಾದರೂ

ವಿಮೆ ಅರ್ಜಿ ತುಂಬಿದವರಿಗೆಲ್ಲ ಈ ಥರದ ಪ್ರಶ್ನೆ ಗೊತ್ತಿರುತ್ತೆ. "ನಿಮಗೆ ಎಂದಾದರೂ ಕ್ಯಾನ್ಸರ್ ಅಥವಾ ಗಡ್ಡೆ ಕಂಡುಬಂದಿತ್ತೇ?" ಕೆಳಗೆ ಹೌದು, ಇಲ್ಲ ಅಂತ ಎರಡು ಚೌಕ. ನಮ್ಮಲ್ಲಿ ಬಹಳಷ್ಟು ಜನ ಲಂಚ್ ಬ್ರೇಕಿನಲ್ಲಿ, ಮೊಬೈಲಿನಲ್ಲೇ, ಇಡೀ ಪುಟಕ್ಕೆ ‘ಇಲ್ಲ’ ಒತ್ತಿ ಮುಂದೆ ಹೋಗ್ತೀವಿ. ಆ ವಾಕ್ಯದಲ್ಲಿರೋ ‘ಎಂದಾದರೂ’ ಅನ್ನೋ ಪದ ನಮ್ಮ ಕಣ್ಣಿಗೆ ಬೀಳಲ್ಲ. ‘ಹೌದು’ ಒತ್ತಬೇಕಾದವರಿಗೆ ಮಾತ್ರ ಅದು ಕಾಣುತ್ತೆ. ಕಳೆದ ಐದು ವರ್ಷದಲ್ಲಿ ಅಂತ ಇಲ್ಲ, ಹತ್ತು ವರ್ಷದಲ್ಲಿ ಅಂತಲೂ ಇಲ್ಲ. ಎಂದಾದರೂ. ಹುಟ್ಟಿದ ದಿನದಿಂದ ಈ ಕ್ಷಣದವರೆಗೆ.

ನಾನು ಕೋಡ್ ಬರೆದು ಹೊಟ್ಟೆ ಹೊರೆಯೋನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಒಮ್ಮೆ ‘ಹೌದು’ ಆದರೆ ಮತ್ತೆಂದೂ ‘ಇಲ್ಲ’ ಆಗದ ಫ್ಲ್ಯಾಗ್. ಇಂಥದ್ದನ್ನ ನಾನೇನಾದ್ರೂ ಬರೆದು ರಿವ್ಯೂಗೆ ಕಳಿಸಿದ್ರೆ ನಮ್ಮ ಟೀಮಿನ ಹೊಸ ಹುಡುಗಿ ಕೂಡ ಕೇಳ್ತಾಳೆ, ಇದರ ಎಕ್ಸ್‌ಪೈರಿ ಎಲ್ಲಿ ಅಂತ. ಓಟಿಪಿಗೆ ಎಕ್ಸ್‌ಪೈರಿ ಇದೆ, ಪಾಸ್‌ವರ್ಡಿಗೆ ಇದೆ, ಡ್ರೈವಿಂಗ್ ಲೈಸೆನ್ಸಿಗೆ ಇದೆ. ವಾಸಿಯಾದ ಕಾಯಿಲೆಗೆ ಮಾತ್ರ ಯಾಕಿಲ್ಲ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನನ್ನ ಕಾಕಾನ ಮಗನಿಂದ. ಶಹಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದಾನೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಜೊತೆ ಪಂಪ್‌ಸೆಟ್ ಬಂದವು, ಪಂಪ್‌ಸೆಟ್ ಬಂದಲ್ಲಿ ಸುಟ್ಟ ಮೋಟಾರ್ ಇದ್ದೇ ಇರ್ತವೆ. ಅವನ ಅಂಗಡಿ ಮುಂದೆ ಬೇಸಿಗೆಯಲ್ಲಿ ಮೋಟಾರುಗಳು ಸಾಲಾಗಿ ಮಲಗಿರ್ತವೆ, ಸುರಪುರದ ಕಡೆಯಿಂದಲೂ ಟಂಟಂನಲ್ಲಿ ಹಾಕ್ಕೊಂಡು ಬರ್ತಾರೆ. ಅವನಿಗೆ 19 ಇದ್ದಾಗ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಮೊದಲು ಟಿಬಿ ಗಂಟು ಅಂದ್ರು. ಆಮೇಲೆ ಕಲಬುರಗಿ, ಆಮೇಲೆ ಬೆಂಗಳೂರು. ಲಿಂಫೋಮಾ ಅನ್ನೋ ಪದ ನಮ್ಮ ಮನೆಗೆ ಬಂದಿದ್ದು ಆಗಲೇ. ಕಾಕಾ ಅದನ್ನ ಒಂದು ದಿನವೂ ಸರಿಯಾಗಿ ಉಚ್ಚರಿಸಲಿಲ್ಲ, ಉಚ್ಚರಿಸೋ ಮನಸ್ಸೂ ಅವರಿಗೆ ಇರಲಿಲ್ಲ ಅನ್ಸುತ್ತೆ. ಯಾದಗಿರಿ ಸ್ಟೇಷನ್ನಿನಿಂದ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಮುಂಜಾನೆ ಇಳಿದು, ಕಿದ್ವಾಯಿಯ ಸರದಿಯಲ್ಲಿ ಕೂತು, ಕೀಮೋ ಮುಗಿಸಿ ವಾಪಸ್. ಎಂಟು ತಿಂಗಳು ಹೀಗೇ ನಡೀತು. ಅದಾಗಿ ಈಗ 12 ವರ್ಷ ಆಯ್ತು.

ಆ ಚಿಕಿತ್ಸೆಗೆ ದುಡ್ಡು ಎಲ್ಲಿಂದ ಬಂತು ಅನ್ನೋದನ್ನ ಇಲ್ಲಿ ಹೇಳಲೇಬೇಕು. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಯಾದಗಿರಿ ಜಿಲ್ಲೆ ಆಗಿದ್ದೂ ಆ ಆಸುಪಾಸಿನಲ್ಲೇ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಹೃದಯ, ಮೂತ್ರಪಿಂಡ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳ ಖರ್ಚನ್ನ ಸರ್ಕಾರ ಹೊತ್ತಿತು. ನನ್ನ ತಮ್ಮ ಆ ಕಾರ್ಡಿನ ಮೇಲೆ ಬದುಕಿದವನು. ರೈಲ್ವೆಯವರೂ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗೆ ಹೋಗೋರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಕೊಡ್ತಾರೆ. ಅಂದ್ರೆ ನಮ್ಮೆಲ್ಲರ ತೆರಿಗೆ ದುಡ್ಡಿನಲ್ಲಿ, ಸಮಾಜವಾಗಿ ನಾವು ಒಂದು ತೀರ್ಮಾನ ತಗೊಂಡಿದ್ವಿ: ಈ ಹುಡುಗ ಬದುಕಬೇಕು.

ಅವನು ಬದುಕಿದ. ಕೆಲಸ ಕಲಿತ, ಮದುವೆ ಆದ, ಒಂದು ಮಗು ಇದೆ. ಹೋದ ವರ್ಷ ಬಾಡಿಗೆ ಅಂಗಡಿ ಬಿಟ್ಟು ಸ್ವಂತದ್ದು ತಗೋಳೋಣ ಅಂತ 15 ಲಕ್ಷ ಸಾಲಕ್ಕೆ ಅರ್ಜಿ ಹಾಕಿದ. ಬ್ಯಾಂಕಿನ ಹೆಸರು ಬೇಡ, ಯಾವ ಬ್ಯಾಂಕಾದರೂ ಕಥೆ ಬೇರೆ ಆಗ್ತಿರಲಿಲ್ಲ. ಸಾಲದ ಜೊತೆ ಸಾಲಕ್ಕೊಂದು ಜೀವವಿಮೆ ಮಾಡಿಸಿ ಅಂದ್ರು. ಹೀಗೆ ಮಾಡಿಸಲೇಬೇಕು ಅಂತ ಕಾನೂನೇನೂ ಇಲ್ಲ, ಆದ್ರೆ ಸಾಲ ಕೇಳೋಕೆ ಹೋದವನು ಕಾನೂನು ಮಾತಾಡಲ್ಲ. ಫಾರ್ಮ್ ತುಂಬಿದ. ‘ಎಂದಾದರೂ’ ಪ್ರಶ್ನೆಗೆ ‘ಹೌದು’ ಅಂತ ಬರೆದ. ಹತ್ತು ದಿನಕ್ಕೆ ಎರಡು ಸಾಲಿನ ಮೇಲ್ ಬಂತು, ನಿಮ್ಮ ಪ್ರಸ್ತಾವನೆ ಸ್ವೀಕರಿಸಲಾಗುತ್ತಿಲ್ಲ ಅಂತ. ಪ್ರೀಮಿಯಂ ಜಾಸ್ತಿ ಕೊಡಿ ಅಂತಲೂ ಇಲ್ಲ, ಇನ್ನೆರಡು ವರ್ಷ ಬಿಟ್ಟು ಬನ್ನಿ ಅಂತಲೂ ಇಲ್ಲ. ಬ್ಯಾಂಕಿನವರು ಒಳ್ಳೆ ಮಾತಿನಲ್ಲೇ ಹೇಳಿದ್ರು, "ಕವರ್ ಆಗ್ಲಿಲ್ಲಂದ್ರ ಪಗಾರ ಇರೋ ಜಾಮೀನುದಾರ ಒಬ್ಬರನ್ನ ಕರ್ಕೊಂಡು ಬರ್ರಿ."

ಪಗಾರ ಇರೋನು ನಾನು. ಹೋಗಿ ಸಹಿ ಹಾಕಿದೆ. ಒಂದು ಮಾತು ಹೇಳ್ತೀನಿ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರೋ, ಶುಗರ್ ಗಡಿಯಲ್ಲಿರೋ, ಮೂರು ಮಹಡಿ ಹತ್ತಿದ್ರೆ ಏದುಸಿರು ಬಿಡೋ ನನ್ನನ್ನ ಅಲ್ಲಿ ಯಾರೂ ಆರೋಗ್ಯದ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಸ್ಯಾಲರಿ ಸ್ಲಿಪ್ ನೋಡಿದ್ರು, ಪ್ಯಾನ್ ನೋಡಿದ್ರು, ಮುಗೀತು. ಪಕ್ಕದಲ್ಲಿ ನಿಂತಿದ್ದವನು ಬೆಳಿಗ್ಗೆಯಷ್ಟೇ ಹತ್ತು ಎಚ್‌ಪಿ ಮೋಟಾರನ್ನ ಇನ್ನೊಬ್ಬರ ಜೊತೆ ಎತ್ತಿ ಗಾಡಿಗೆ ಹಾಕಿ ಬಂದಿದ್ದ.

ಇಷ್ಟಾದ್ರೆ ಇದು ಒಂದು ಮನೆಯ ಬೇಜಾರಿನ ಕಥೆ ಆಗ್ತಿತ್ತು. ನನ್ನನ್ನ ಇದರ ಬಗ್ಗೆ ಬರೆಯೋ ಹಾಗೆ ಮಾಡಿದ್ದು ಏಜೆಂಟ್ ಒಬ್ಬರು ಹೇಳಿದ ಮಾತು. ಅವರು ಅವನಿಗೆ ಮೊದಲೇ ಹೇಳಿದ್ರಂತೆ: "ಅದನ್ನೆಲ್ಲ ಯಾಕ್ ಬರೀತಿ ತಮ್ಮಾ? ‘ಇಲ್ಲ’ ಅಂತ ಹಾಕು. ಮೂರ್ ವರ್ಷ ದಾಟಿದ್ರ ಯಾರೂ ಕೇಳಂಗಿಲ್ಲ."

ಏಜೆಂಟ್ ಹೇಳಿದ್ದು ಸುಳ್ಳಲ್ಲ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್, 2015ರ ತಿದ್ದುಪಡಿ ಆದ ಮೇಲೆ ಹೇಳೋದು ಇದನ್ನೇ: ಜೀವವಿಮೆ ಪಾಲಿಸಿ ಶುರುವಾಗಿ ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಕಂಪನಿ ಅದನ್ನ ಪ್ರಶ್ನಿಸೋ ಹಾಗಿಲ್ಲ. ಆರೋಗ್ಯ ವಿಮೆಯಲ್ಲೂ ಹತ್ತಿರ ಹತ್ತಿರ ಹೀಗೇ. 60 ತಿಂಗಳು ಸತತವಾಗಿ ಕಟ್ಟಿದ ಮೇಲೆ, ನೀವು ಅದನ್ನ ಹೇಳಿರಲಿಲ್ಲ ಅಂತ ಕ್ಲೇಮ್ ತಿರಸ್ಕರಿಸೋಕೆ ಬರಲ್ಲ, ವಂಚನೆ ಸಾಬೀತಾದ್ರೆ ಮಾತ್ರ ಬೇರೆ. ಮೊದಲು ಇದು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದ್ರು. ಈ ನಿಯಮಗಳು ಒಳ್ಳೆಯವೇ. ಪಾಲಿಸಿದಾರ ಸತ್ತು ಹೋದ ಮೇಲೆ, ಇಪ್ಪತ್ತು ವರ್ಷದ ಹಿಂದಿನ ಫಾರ್ಮ್ ಹುಡುಕಿ ತೆಗೆದು ಹೆಂಡತಿ ಮಕ್ಕಳಿಗೆ ದುಡ್ಡು ಕೊಡದೆ ಇರೋದನ್ನ ತಪ್ಪಿಸೋಕೆ ಬಂದಂಥವು.

ಆದ್ರೆ ಇವನ್ನ ‘ಎಂದಾದರೂ’ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿ. ಸುಳ್ಳು ಹೇಳಿದವನ ಸುಳ್ಳಿಗೆ ಮೂರು ವರ್ಷಕ್ಕೆ ಎಕ್ಸ್‌ಪೈರಿ ಇದೆ. ನಿಜ ಹೇಳಿದವನ ನಿಜಕ್ಕೆ 12 ವರ್ಷ ಆದ್ರೂ ಇಲ್ಲ. ಮೊದಲನೆಯವನಿಗೆ ಬಾಗಿಲು ತೆಗೆದು, ಮೂರು ವರ್ಷ ಬದುಕಿದ್ರೆ ನೀನು ನಮ್ಮವನು ಅಂತೀವಿ. ಎರಡನೆಯವನು 12 ವರ್ಷ ಬದುಕಿ ತೋರಿಸಿ ಬಂದ್ರೂ ಹೊಸ್ತಿಲಲ್ಲೇ ನಿಲ್ಲಿಸ್ತೀವಿ. ಕಾಯಿಲೆ ಬಂದಿದ್ದಕ್ಕಿಂತ, ಬಂದಿತ್ತು ಅಂತ ಹೇಳಿದ್ದಕ್ಕೆ ಶಿಕ್ಷೆ.

ಹಾಗಂತ ಏಜೆಂಟ್ ಹೇಳಿದಂಗೆ ಮಾಡಬಾರದಿತ್ತಾ? ಲೆಕ್ಕಕ್ಕೆ ನೋಡಿದ್ರೂ ಅದು ಅಪಾಯವೇ. ಆ ಮೂರು ವರ್ಷದ ಒಳಗೆ ಹಾವು ಕಚ್ಚಿ ಸತ್ತರೂ, ಯಾದಗಿರಿ ರಸ್ತೆಯಲ್ಲಿ ಲಾರಿ ಗುದ್ದಿ ಸತ್ತರೂ ಹಳೇ ಫೈಲ್ ಹೊರಗೆ ಬರುತ್ತೆ, ಕಂಪನಿ ತಕರಾರು ತೆಗೆಯುತ್ತೆ. ಅವನು ‘ಇಲ್ಲ’ ಅಂತ ಬರೆಯದೆ ಇದ್ದಿದ್ದು ಆ ಲೆಕ್ಕದಿಂದಲ್ಲ. ನಾನು ಕೇಳಿದಾಗ ಸ್ವಲ್ಪ ಸಿಟ್ಟಿನಲ್ಲೇ ಹೇಳಿದ, "ಅಣ್ಣಾ, ಕಳ್ಳತನ ಮಾಡಿದ್ರ ಮುಚ್ಚಿಡಬೇಕು. ನಾ ಏನ್ ಮಾಡೀನಿ? ಆರಾಮಾಗೀನಿ. ಅದನ್ನ ಯಾಕ್ ಮುಚ್ಚಿಡ್ಲಿ?"

ಕಳ್ಳತನದ ಮಾತು ಬಂದಿದ್ದಕ್ಕೆ ಹೇಳ್ತೀನಿ, ಕಳ್ಳತನಕ್ಕೂ ನಮ್ಮ ಕಾನೂನಿನಲ್ಲಿ ಮರೆವು ಇದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಹದಿನೆಂಟರೊಳಗಿನ ಹುಡುಗ ಅಪರಾಧ ಮಾಡಿದ್ರೂ ಆ ಕಾರಣಕ್ಕೆ ಮುಂದೆ ಯಾವ ಅನರ್ಹತೆಯೂ ಅವನಿಗೆ ತಟ್ಟಬಾರದು, ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆಗಳನ್ನೇ ನಾಶಮಾಡಬೇಕು. ಘೋರ ಅಪರಾಧದ ಕೆಲವು ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಸಾಲ ವಸೂಲಿಗೂ ಕಾಲಮಿತಿ ಇದೆ, ಕೈಸಾಲಕ್ಕೆ ಮೂರು ವರ್ಷ ದಾಟಿದ್ರೆ ಕೋರ್ಟಿಗೆ ಹೋಗೋಕೆ ಬರಲ್ಲ. ಮನುಷ್ಯ ಬದಲಾಗ್ತಾನೆ, ಒಂದು ಹಂತದ ಮೇಲೆ ಹಿಂದಿನದನ್ನ ಕೆದಕಬಾರದು ಅನ್ನೋ ತಿಳುವಳಿಕೆ ನಮ್ಮ ಕಾನೂನಿಗೆ ಹೊಸದೇನಲ್ಲ. ಒಂಬತ್ತನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದು ವಾಸಿಯಾದ ಮಗುವಿಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ಊರಿನ ಬಗ್ಗೆಯೂ ಎರಡು ಮಾತು. ನಮ್ಮ ಕಡೆ ರೈತ ಮೊದಲು ಸಾಲ ಕೇಳೋದು ದಲಾಲಿ ಅಂಗಡಿಯಲ್ಲಿ. ಹತ್ತಿ ಎಷ್ಟು ಎಕರೆ, ತೊಗರಿ ಎಷ್ಟು, ಹೋದ ವರ್ಷದ ಬಾಕಿ ಎಷ್ಟು ಅಂತ ಕೇಳ್ತಾರೆ. ನಿನಗೆ ಹತ್ತೊಂಬತ್ತನೇ ವಯಸ್ಸಿಗೆ ಏನಾಗಿತ್ತು ಅಂತ ಯಾವ ದಲಾಲಿಯೂ ಕೇಳಿದ್ದು ನಾನು ಕೇಳಿಲ್ಲ. ಇದನ್ನ ದೊಡ್ಡ ಗುಣ ಅಂತ ಹೊಗಳೋಕೆ ಹೊರಟಿಲ್ಲ. ಅವರ ಬಡ್ಡಿ ಎಷ್ಟು, ತೂಕದಲ್ಲಿ ಏನಾಗುತ್ತೆ ಅಂತ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು. ಊರೇನೂ ಮರೆಯಲ್ಲ ಅಂತಲ್ಲ. ನನ್ನ ತಮ್ಮನಿಗೆ ಹೆಣ್ಣು ನೋಡುವಾಗ ಎರಡು ಸಂಬಂಧ ತಪ್ಪಿ ಹೋಗಿದ್ದು "ಆ ದೊಡ್ಡ ರೋಗ" ಇತ್ತು ಅನ್ನೋ ಮಾತಿಗೇ. ಆದ್ರೆ ಊರಿನ ನೆನಪಿಗೂ ಫಾರ್ಮಿನ ನೆನಪಿಗೂ ಒಂದು ವ್ಯತ್ಯಾಸ ಇದೆ. ಊರು ಎದುರಿಗೆ ಇರೋ ಮನುಷ್ಯನನ್ನ ದಿನಾ ನೋಡ್ತಾ ಇರುತ್ತೆ. ಮೋಟಾರ್ ಎತ್ತೋದು, ಜಾತ್ರೆಯಲ್ಲಿ ಕುಣಿಯೋದು, ಮಗನನ್ನ ಹೆಗಲ ಮೇಲೆ ಹೊತ್ತು ಹೋಗೋದು ನೋಡ್ತಾ ನೋಡ್ತಾ ಹಳೇ ಮಾತು ತಾನಾಗಿ ಸವೆಯುತ್ತೆ. ಫಾರ್ಮಿಗೆ ಕಣ್ಣಿಲ್ಲ. ಅದರಲ್ಲಿ 12 ವರ್ಷ ಅನ್ನೋದನ್ನ ಬರೆಯೋಕೆ ಜಾಗ ಇದ್ರೂ, ಓದೋರಿಗೆ ಅದನ್ನ ಲೆಕ್ಕಕ್ಕೆ ತಗೋಳ್ಳಲೇಬೇಕು ಅನ್ನೋ ಕಟ್ಟುಪಾಡಿಲ್ಲ.

ಈಗ ಕಂಪನಿಯ ಪರವಾಗಿ ಮಾತಾಡ್ತೀನಿ, ಯಾಕಂದ್ರೆ ಅವರ ವಾದ ಹುರುಳಿಲ್ಲದ್ದೇನಲ್ಲ. ವಿಮೆ ಅಂದ್ರೆ ಒಂದು ರೀತಿ ನಮ್ಮೂರಿನ ಮುಯ್ಯಿ. ನಿನ್ನ ಹೊಲದ ಕಳೆಗೆ ನಾ ಬರ್ತೀನಿ, ನನ್ನ ಹೊಲಕ್ಕೆ ನೀ ಬಾ. ಬರೀ ತನ್ನ ಹೊಲದ ಕೆಲಸ ಇದ್ದಾಗ ಮಾತ್ರ ಕರೆಯೋನು ಜಾಸ್ತಿ ಆದ್ರೆ ಮುಯ್ಯಿ ಮುರಿದು ಬೀಳುತ್ತೆ. ಹಾಗೇ, ಅಪಾಯ ಹೆಚ್ಚಿರೋರೇ ಹೆಚ್ಚು ಸೇರಿಕೊಂಡ್ರೆ ಪ್ರೀಮಿಯಂ ಏರುತ್ತೆ, ಏರಿದ್ರೆ ಆರೋಗ್ಯವಂತರು ಬಿಟ್ಟು ಹೋಗ್ತಾರೆ, ಇನ್ನೂ ಏರುತ್ತೆ. ಜೊತೆಗೆ ವೈದ್ಯಕೀಯ ಸತ್ಯವೂ ಅವರ ಕಡೆಗೆ ಸ್ವಲ್ಪ ವಾಲಿದೆ. ಕೆಲವು ಬಗೆಯ ಸ್ತನ ಕ್ಯಾನ್ಸರ್ ಹತ್ತು ವರ್ಷದ ನಂತರವೂ ಮರುಕಳಿಸಬಹುದು. ಕೆಲವು ಕೀಮೋ ಔಷಧಿ, ಎದೆಯ ಭಾಗಕ್ಕೆ ಕೊಟ್ಟ ವಿಕಿರಣ, ಎಷ್ಟೋ ವರ್ಷದ ಮೇಲೆ ಹೃದಯಕ್ಕೆ ತೊಂದರೆ ಕೊಡಬಹುದು. ಹೀಗಿರುವಾಗ ಗೊತ್ತಿರೋ ಮಾಹಿತಿಯನ್ನ ಬಳಸಬೇಡಿ ಅನ್ನೋದು ಯಾವ ನ್ಯಾಯ ಅಂತ ಅವರು ಕೇಳಬಹುದು.

ನನ್ನ ಉತ್ತರ ಇಷ್ಟು. ಕೇಳೋದು ಬೇರೆ, ಹೆಚ್ಚು ದುಡ್ಡು ತಗೊಳ್ಳೋದು ಬೇರೆ, ಬಾಗಿಲು ಹಾಕೋದು ಬೇರೆ. ಅಪಾಯದ ಲೆಕ್ಕ ಗೊತ್ತಿದೆ ಅನ್ನೋರು ಅದಕ್ಕೊಂದು ಬೆಲೆ ಹೇಳ್ತಾರೆ. ಬೆಲೆ ಹೇಳದೆ ಬಾಗಿಲು ಹಾಕಿದ್ರೆ ಅಲ್ಲಿ ಲೆಕ್ಕ ನಡೆದಿದೆ ಅಂತ ನಾನು ನಂಬಲ್ಲ, ಭಯ ನಡೆದಿದೆ. ಎಚ್‌ಐವಿ ವಿಷಯದಲ್ಲಿ ನಮ್ಮ ಸಂಸತ್ತು 2017ರಲ್ಲಿ ಇದನ್ನ ಸ್ಪಷ್ಟವಾಗಿ ಬರೆಯಿತು: ಸೋಂಕಿತರಿಗೆ ವಿಮೆ ನಿರಾಕರಿಸೋ ಹಾಗಿಲ್ಲ, ಅನ್ಯಾಯವಾಗಿ ನಡೆಸಿಕೊಳ್ಳೋ ಹಾಗಿಲ್ಲ, ಹಾಗೆ ಮಾಡೋದಾದ್ರೆ ಅದಕ್ಕೆ ವಿಮಾಗಣಿತದ ಅಧ್ಯಯನದ ಆಧಾರ ಇರಬೇಕು. ಅಂದ್ರೆ ಲೆಕ್ಕ ತೋರಿಸು, ಆಮೇಲೆ ಮಾತಾಡು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, ದೈಹಿಕ ಕಾಯಿಲೆಗೆ ಇರೋ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತು. ಕ್ಯಾನ್ಸರಿನಿಂದ ಗೆದ್ದು ಬಂದವರ ಹೆಸರಿನಲ್ಲಿ ಇಂಥ ಒಂದು ಸಾಲು ಇಲ್ಲ.

ವಿಮೆ ಖಾಸಗಿ ವ್ಯಾಪಾರ, ಯಾರಿಗೆ ಮಾರಬೇಕು ಅನ್ನೋದು ಅವರಿಷ್ಟ ಅನ್ನೋ ಮಾತೂ ಪೂರ್ತಿ ನಿಲ್ಲಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಎಲ್‌ಐಸಿಯ ಒಂದು ಅಗ್ಗದ ಅವಧಿ ವಿಮೆ ಸರ್ಕಾರಿ, ಅರೆಸರ್ಕಾರಿ ಮತ್ತು ಹೆಸರಾಂತ ಕಂಪನಿಗಳ ಸಂಬಳದಾರರಿಗೆ ಮಾತ್ರ ಅಂತ ಇತ್ತು. ರೈತ, ಕೂಲಿ, ಅಂಗಡಿಯವನು ಇವರಿಗೆಲ್ಲ ಇಲ್ಲ. ಸಂಬಳದಾರರಿಗೆ ಮಾತ್ರ ಅನ್ನೋ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ಇವತ್ತು ಓದುವಾಗ ನಗು ಬರುತ್ತೆ, ನನ್ನ ತಮ್ಮನ ಬ್ಯಾಂಕಿನವರು ಕೇಳಿದ್ದೂ ಸಂಬಳದಾರನನ್ನೇ.

ಹೊರಗಿನ ದೇಶಗಳಲ್ಲಿ ಇದಕ್ಕೊಂದು ಹೆಸರಿದೆ, ಮರೆಸುವ ಹಕ್ಕು ಅಂತ ಅನುವಾದಿಸಬಹುದು. ಫ್ರಾನ್ಸ್ 2016ರಲ್ಲಿ ಕಾನೂನು ಮಾಡಿತು: ಚಿಕಿತ್ಸೆ ಮುಗಿದು, ಮರುಕಳಿಸದೆ ಹತ್ತು ವರ್ಷ ಕಳೆದ್ರೆ ಸಾಲದ ವಿಮೆಗಾಗಿ ಕ್ಯಾನ್ಸರ್ ವಿಷಯ ಹೇಳಬೇಕಾಗಿಲ್ಲ. 2022ರಲ್ಲಿ ಅದನ್ನ ಐದು ವರ್ಷಕ್ಕೆ ಇಳಿಸಿದ್ರು. ಇನ್ನೂ ಮುಂದೆ ಹೋಗಿ, ತಲೆಗೆ 2 ಲಕ್ಷ ಯೂರೋ ಒಳಗಿನ, 60 ವರ್ಷ ತುಂಬೋದ್ರೊಳಗೆ ತೀರೋ ಮನೆ ಸಾಲಕ್ಕೆ ಆರೋಗ್ಯದ ಪ್ರಶ್ನಾವಳಿಯನ್ನೇ ತೆಗೆದುಹಾಕಿದ್ರು. ಬೆಲ್ಜಿಯಂ, ನೆದರ್ಲೆಂಡ್ಸ್, ಪೋರ್ಚುಗಲ್, ಸ್ಪೇನ್‌ಗಳಲ್ಲೂ ಇಂಥ ನಿಯಮ ಬಂತು, 2023ರ ಡಿಸೆಂಬರಿನಲ್ಲಿ ಇಟಲಿಯಲ್ಲೂ. ಐರೋಪ್ಯ ಒಕ್ಕೂಟ 2023ರ ಗ್ರಾಹಕ ಸಾಲ ನಿರ್ದೇಶನದಲ್ಲಿ 15 ವರ್ಷ ಅನ್ನೋ ಹೊರಮಿತಿ ಹಾಕಿದೆ.

ಗಮನಿಸಿ, ಐದು, ಹತ್ತು, ಹದಿನೈದು. ವಿಜ್ಞಾನ ಒಂದೇ, ಸಂಖ್ಯೆ ಮೂರು. ಈ ಗೆರೆ ಪ್ರಯೋಗಾಲಯದಿಂದ ಬಂದಿದ್ದಲ್ಲ, ಜನ ಕೂತು ಎಳೆದಿದ್ದು. ಹದಿನೆಂಟಕ್ಕೆ ವೋಟು ಅನ್ನೋ ಹಾಗೆ. ಹದಿನೇಳೂ ಮುಕ್ಕಾಲಿಗೆ ಬುದ್ಧಿ ಇರಲ್ಲ, ಹದಿನೆಂಟಕ್ಕೆ ಬರುತ್ತೆ ಅಂತ ಯಾರೂ ನಂಬಲ್ಲ, ಎಲ್ಲೋ ಒಂದು ಕಡೆ ಗೆರೆ ಬೇಕು ಅಷ್ಟೆ. ಗೆರೆಯ ಆಚೆ ಉಳಿಯೋ ಅಪಾಯವನ್ನ ಎಲ್ಲರೂ ಹಂಚಿಕೊಳ್ತೀವಿ ಅನ್ನೋದು ಆ ಸಮಾಜಗಳು ಒಪ್ಪಿದ ಮಾತು.

ಮರೆಸೋದು ಅಂದ್ರೆ ಅಳಿಸಿ ಹಾಕೋದು ಅಂತ ತಿಳಿಯಬೇಡಿ. ನನ್ನ ತಮ್ಮನ ಹಳೇ ಫೈಲ್ ಡಾಕ್ಟರ ಹತ್ತಿರ ಇರಲೇಬೇಕು, ಸಾಯೋವರೆಗೂ ಇರಬೇಕು. ಯಾವ ಔಷಧಿ ಎಷ್ಟು ಕೊಟ್ಟಿದ್ರು ಅಂತ ಗೊತ್ತಿದ್ರೆ ತಾನೇ ಹೃದಯದ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಹೇಳೋಕೆ ಆಗೋದು. ನೆನಪಿಡೋದರಲ್ಲಿ ಎರಡು ಥರ ಇದೆ. ಹೈದರಾಬಾದ್ ಕರ್ನಾಟಕ ಹಿಂದುಳಿದಿತ್ತು ಅನ್ನೋದನ್ನ ಸಂವಿಧಾನ 371ಜೆ ವಿಧಿಯಲ್ಲಿ ನೆನಪಿಟ್ಟುಕೊಂಡಿದೆ, ಸೀಟು, ನೌಕರಿ ಕೊಡೋಕೆ. ಬೆಂಗಳೂರಿನಲ್ಲಿ ಯಾದಗಿರಿ ಅಂದ ತಕ್ಷಣ "ಓ, ಆ ಕಡೆಯವರಾ" ಅನ್ನೋ ಮನೆ ಓನರ್ ಕೂಡ ಅದನ್ನೇ ನೆನಪಿಟ್ಟುಕೊಂಡಿರ್ತಾರೆ, ಬೇರೆ ಕೆಲಸಕ್ಕೆ. ಮಾಹಿತಿ ಅದೇ. ಯಾರ ಕೈಯಲ್ಲಿ, ಯಾವ ಉದ್ದೇಶಕ್ಕೆ ಅನ್ನೋದರ ಮೇಲೆ ನ್ಯಾಯ, ಅನ್ಯಾಯ. 2023ರ ನಮ್ಮ ಡೇಟಾ ಸಂರಕ್ಷಣಾ ಕಾಯ್ದೆ ಕೂಡ ಉದ್ದೇಶದ ಮಾತಾಡುತ್ತೆ, ಆದ್ರೆ ವಿಮೆಯವರು ಇಂಥದ್ದನ್ನ ಕೇಳಬಾರದು ಅಂತ ಅದರಲ್ಲಿಲ್ಲ.

ಇದೆಲ್ಲ ಯುರೋಪಿನ ಶ್ರೀಮಂತರ ಚಟ ಅನ್ನೋರಿಗೆ ನನ್ನ ತಮ್ಮನ ಪಾಸ್‌ಬುಕ್ ತೋರಿಸ್ತೀನಿ. ಪ್ರತಿ ವರ್ಷ ಅದರಲ್ಲಿ 436 ರೂಪಾಯಿ ಕಟ್ ಆಗುತ್ತೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ, 2 ಲಕ್ಷದ ಕವರ್. ವೈದ್ಯಕೀಯ ತಪಾಸಣೆ ಇಲ್ಲ. 18ರಿಂದ 50ರ ಒಳಗಿನ ಖಾತೆದಾರರನ್ನೆಲ್ಲ ಒಂದೇ ದರದಲ್ಲಿ ಒಂದೇ ಬುಟ್ಟಿಗೆ ಹಾಕಿದ್ದಾರೆ. ನಿಮ್ಮ ನಮ್ಮ ಆಫೀಸಿನ ಗ್ರೂಪ್ ಪಾಲಿಸಿಯೂ ಸಾಮಾನ್ಯವಾಗಿ ಹೀಗೇ ಅಲ್ವಾ? ಸೇರಿದ ದಿನದಿಂದಲೇ ಹಳೇ ಕಾಯಿಲೆಗೂ ಕವರ್, ಅಪ್ಪ ಅಮ್ಮನಿಗೂ. ನಮ್ಮ ಬೇ ನಲ್ಲಿ ಕೂರೋ ನಲವತ್ತು ಜನರಲ್ಲಿ ಯಾರಿಗೆ ಏನಿತ್ತು ಅಂತ ಯಾರೂ ಕೇಳದೆ ಇರೋದು ನಮಗೆ ಸಹಜವಾಗಿ ಕಾಣುತ್ತೆ. ಕೆಲಸ ಬಿಟ್ಟು ಸ್ವಂತಕ್ಕೆ ಪಾಲಿಸಿ ಕೇಳೋಕೆ ಹೋದ ದಿನ ಗೊತ್ತಾಗುತ್ತೆ, ನಾವು ಅಷ್ಟು ದಿನ ಕೂತಿದ್ದು ಯಾವ ನೆರಳಲ್ಲಿ ಅಂತ. ಹೋದ ಸೆಪ್ಟೆಂಬರಿನಲ್ಲಿ (2025) ವೈಯಕ್ತಿಕ ಜೀವ, ಆರೋಗ್ಯ ವಿಮೆ ಮೇಲಿನ ಜಿಎಸ್‌ಟಿ ಪೂರ್ತಿ ತೆಗೆದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸಂಭ್ರಮವೋ ಸಂಭ್ರಮ. ನನ್ನ ತಮ್ಮನೂ ಆ ಗ್ರೂಪಿನಲ್ಲಿದಾನೆ. ಒಂದು ಥಂಬ್ಸ್‌ಅಪ್ ಹಾಕಿ ಸುಮ್ಮನಾದ.

ನನ್ನ ಕಾಲೇಜಿನ ಗೆಳೆಯನೊಬ್ಬ ವಿಮಾಗಣಿತದ ಪರೀಕ್ಷೆಗಳನ್ನ ಪಾಸು ಮಾಡಿ ಅದೇ ಕ್ಷೇತ್ರದಲ್ಲಿದಾನೆ. ಮೊನ್ನೆ ಅವನ ಜೊತೆ ಇದೇ ವಿಷಯಕ್ಕೆ ಎರಡು ಗಂಟೆ ಜಗಳ ಆಡಿದೆ. ಐದು ವರ್ಷ ತೀರಾ ಕಮ್ಮಿ, ಭಾರತದಲ್ಲಿ ಅಷ್ಟು ಡೇಟಾ ಇಲ್ಲ ಅಂದ. ಸರಿ, ಐದು ಬೇಡ, ಎಷ್ಟು ಅಂತ ನೀನೇ ಹೇಳು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಲಿಂಫೋಮಾದ ಕೆಲವು ಬಗೆಗೆ ಹತ್ತು ಸಾಕಾಗಬಹುದು, ಸ್ತನ ಕ್ಯಾನ್ಸರಿಗೆ ಹದಿನೈದು ಬೇಕಾಗಬಹುದು, ಕೆಲವಕ್ಕೆ ಹೇಳೋಕೇ ಆಗಲ್ಲ ಅಂದ. ಹತ್ತು ಅಂದಿದ್ದನ್ನ ನಿಮ್ಮ ಕಂಪನಿ ಫಾರ್ಮಿನಲ್ಲಿ ಬರೆಸ್ತೀಯಾ ಅಂತ ಕೇಳಿದೆ. ‘ಎಂದಾದರೂ’ ತೆಗೆದು ‘ಕಳೆದ ಹತ್ತು ವರ್ಷಗಳಲ್ಲಿ’ ಅಂತ. ನಕ್ಕ. ಮಾರ್ಕೆಟ್‌ನಲ್ಲಿ ಯಾರೂ ಬರೆದಿಲ್ಲ, ನಾವೊಬ್ಬರೇ ಬರೆದ್ರೆ ಎಲ್ಲರೂ ನಮ್ಮ ಹತ್ತಿರಾನೇ ಬರ್ತಾರೆ ಅಂದ. ಎಲ್ಲ ಕಂಪನಿಯೂ ಒಟ್ಟಿಗೆ ಬರೆಯೋ ಹಾಗೆ ನಿಯಂತ್ರಕರು ಹೇಳಿದ್ರೆ? ಆಗ ನಮ್ಮದೇನೂ ತಕರಾರಿಲ್ಲ ಅಂದ.